ಎದುರಿನ ದೋಣಿಯಲ್ಲಿ ಯಾರಿದ್ದಾರೆ?

ಪೀಟರ್ ಬ್ಲೇಕ್ ಅವರ ಸಾವು ನನ್ನ ತಲೆಯಿಂದ ಇಳಿದೇ ಇಲ್ಲ. ಹಡಗಿನಲ್ಲಿ ದುಡಿಯುವವರು ಊಟದ ಮೇಜಿನ ಸುತ್ತ, ಕಡಲ್ಗಳ್ಳರನ್ನು ಎದುರಿಸಲು ದೋಣಿಯಲ್ಲಿ ಬಂದೂಕು ಬೇಕೇ ಎಂಬ ಮಾತೆತ್ತಿದಾಗಲೆಲ್ಲ ಆ ಹೆಸರು ಬರುತ್ತದೆ, ಬಂದ ಕೂಡಲೇ ಮಾತು ಎರಡು ಪಂಗಡವಾಗುತ್ತದೆ. ನ್ಯೂಜಿಲೆಂಡಿನ ಈ ನಾವಿಕರು ಹಾಯಿದೋಣಿಗಳಲ್ಲಿ ಭೂಮಿ ಸುತ್ತುವ ವಿಟ್‌ಬ್ರೆಡ್ ಪಂದ್ಯವನ್ನು 1989–90ರಲ್ಲಿ ಗೆದ್ದವರು. 1994ರಲ್ಲಿ 75 ದಿನಗಳಿಗೂ ಕಡಿಮೆ ಅವಧಿಯಲ್ಲಿ, ಹಾಯಿಯ ಬಲದಿಂದಲೇ ಭೂಮಿಯನ್ನು ಸುತ್ತಿ ಬಂದವರು. 1995ರಲ್ಲಿಯೂ 2000ದಲ್ಲಿಯೂ ಹಾಯಿದೋಣಿ ಸ್ಪರ್ಧೆಯ ಅಮೆರಿಕಾಸ್ ಕಪ್ ತಮ್ಮ ದೇಶದ ಪಾಲಾಗುವಂತೆ ತಂಡವನ್ನು ಮುನ್ನಡೆಸಿದವರು. ಕಡಲನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದಿರಬಹುದು. 2001ರ ಡಿಸೆಂಬರ್ 5ರ ರಾತ್ರಿ ಅವರ ಸೀಮಾಸ್ಟರ್ ನೌಕೆ ಅಮೆಜಾನ್ ನದಿ ಕಡಲು ಸೇರುವಲ್ಲಿ, ಬ್ರೆಜಿಲ್‌ನ ಮಕಾಪಾ ಪಟ್ಟಣದ ಹತ್ತಿರ ಲಂಗರು ಹಾಕಿತ್ತು. ಪರಿಸರದ ಸ್ಥಿತಿಗತಿಯನ್ನು ಜಗತ್ತಿಗೆ ತೋರಿಸಲು ಹೊರಟಿದ್ದ ಯಾತ್ರೆ ಅದು. ಮುಖ ಮುಚ್ಚಿಕೊಂಡ ದರೋಡೆಕೋರರು ನೌಕೆ ಹತ್ತಿದರು. ಬ್ಲೇಕ್ ಕೆಳಗಿನ ಕೋಣೆಗೆ ಓಡಿ ರೈಫಲ್ ತೆಗೆದುಕೊಂಡರು. ಅವರು ಹಾರಿಸಿದ ಗುಂಡು ಒಬ್ಬನ ಕೈಗೆ ತಗುಲಿತು. ಆಮೇಲೆ ರೈಫಲ್ ಕೈಕೊಟ್ಟಿತು. ಅವರ ಬೆನ್ನಿಗೆ ಗುಂಡು ಬಿತ್ತು. 53 ವರ್ಷದ ಮನುಷ್ಯ ತಮ್ಮದೇ ನೌಕೆಯಲ್ಲಿ ಸತ್ತರು. ದರೋಡೆಕೋರರು ಒಯ್ದದ್ದು ಔಟ್‌ಬೋರ್ಡ್ ಎಂಜಿನ್, ಕೈಗಡಿಯಾರಗಳು, ಅಂಥವೇ ಒಂದಿಷ್ಟು ಸಾಮಾನು.

ರೈಫಲ್ ತೆಗೆಯದೇ ಇದ್ದಿದ್ದರೆ ಬ್ಲೇಕ್ ಬದುಕುತ್ತಿದ್ದರು ಎನ್ನುತ್ತದೆ ಒಂದು ಪಂಗಡ. ರೈಫಲ್ ಕೈಕೊಡದೇ ಇದ್ದಿದ್ದರೆ ಬದುಕುತ್ತಿದ್ದರು ಎನ್ನುತ್ತದೆ ಇನ್ನೊಂದು. ಎರಡನೆಯವರು ಕೂಡಲೇ 2005ರ ಯೆಮನ್ ಘಟನೆಯನ್ನು ಮುಂದಿಡುತ್ತಾರೆ. ಅದೂ ನಿಜವೇ. ಆ ವರ್ಷದ ಮಾರ್ಚ್‌ನಲ್ಲಿ ಮಹದಿ ಮತ್ತು ಗ್ಯಾಂಡಾಲ್ಫ್ ಎಂಬ ಎರಡು ಅಮೆರಿಕನ್ ಹಾಯಿದೋಣಿಗಳು ಒಮಾನ್‌ನ ಸಲಾಲಾದಿಂದ ಏಡನ್ನಿಗೆ ಹೊರಟಿದ್ದವು. ಯೆಮನ್ ಕರಾವಳಿಯಾಚೆ ಎರಡು ದೋಣಿಗಳಲ್ಲಿ ಬಂದ ಜನ ನೇರವಾಗಿ ಚುಕ್ಕಾಣಿಯ ಜಾಗಕ್ಕೇ ಗುಂಡು ಹಾರಿಸತೊಡಗಿದರು. ಮಹದಿಯ ಯಜಮಾನ ಶಾಟ್‌ಗನ್ ತೆಗೆದು ತಿರುಗಿ ಹೊಡೆದ. ಗ್ಯಾಂಡಾಲ್ಫ್‌ನವನು ತನ್ನ ದೋಣಿಯನ್ನೇ ದಾಳಿಕೋರರ ದೋಣಿಯ ಮೇಲೆ ನುಗ್ಗಿಸಿದ. ಎರಡೂ ಹಾಯಿದೋಣಿಗಳ ಜನ ಗಾಯವಿಲ್ಲದೆ ಏಡನ್ ಸೇರಿದರು. ಆ ಶಾಟ್‌ಗನ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಊಹಿಸುವುದು ಕಷ್ಟವಲ್ಲ. ಆ ಮನುಷ್ಯ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ.

ಆದರೆ ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸುತ್ತ ಹೋದಂತೆ, ಬಂದೂಕು ಬೇಕೋ ಬೇಡವೋ ಎಂಬ ಜಗಳದಲ್ಲಿ ಒಂದು ಮಾತು ಬಿಟ್ಟೇ ಹೋಗುತ್ತಿದೆ ಎಂದು ನನಗೆ ಅನ್ನಿಸತೊಡಗಿದೆ. ಅದು ಸಮಯದ ಮಾತು. ಯೆಮನ್‌ನಲ್ಲಿ ಬಂದವರು ಮೊದಲೇ ಗುಂಡು ಹಾರಿಸಿ ತಾವು ಯಾರೆಂದು ತಿಳಿಸಿಬಿಟ್ಟಿದ್ದರು. ಮಕಾಪಾದಲ್ಲಿ ಅವರು ಯಾರೆಂದು ತಿಳಿಯುವ ಹೊತ್ತಿಗೆ ಡೆಕ್ ಮೇಲಿದ್ದರು. ಸಣ್ಣ ದೋಣಿಯಲ್ಲಿ ಬಂದೂಕು ಕೆಲಸಕ್ಕೆ ಬರುವುದು ಎದುರಿನವರು ಇನ್ನೂ ದೂರದಲ್ಲಿರುವಾಗ. ದೂರದಲ್ಲಿರುವಾಗ ಅವರು ಯಾರೆಂದು ಗೊತ್ತಿರುವುದಿಲ್ಲ. ಗೊತ್ತಾಗುವಷ್ಟು ಹತ್ತಿರ ಬಂದ ಮೇಲೆ ಬಂದೂಕಿಗೆ ಸಮಯವೇ ಉಳಿದಿರುವುದಿಲ್ಲ. ಹಾಯಿದೋಣಿಯ ವೇಗ ಐದಾರು ನಾಟ್, ಎಂದರೆ ಗಂಟೆಗೆ ಐದಾರು ನಾಟಿಕಲ್ ಮೈಲಿ, ಕಡಲ್ಗಳ್ಳರ ಸ್ಕಿಫ್ ಎಂಬ ಸಣ್ಣ ಎಂಜಿನ್ ದೋಣಿಯ ವೇಗ ಇಪ್ಪತ್ತಕ್ಕೂ ಮೇಲೆ. ಒಂದು ಮೈಲಿ ದೂರದಲ್ಲಿ ಕಂಡ ದೋಣಿ ಮೂರು ನಾಲ್ಕು ನಿಮಿಷದಲ್ಲಿ ಪಕ್ಕದಲ್ಲಿರುತ್ತದೆ. ಆತ್ಮರಕ್ಷಣೆಯ ಬಂದೂಕು ಇಟ್ಟುಕೊಂಡವನು ಆ ಮೂರು ನಾಲ್ಕು ನಿಮಿಷಗಳಲ್ಲಿ ಬಹುಶಃ ನಿದ್ದೆಗೆಟ್ಟು, ಬಹುಶಃ ಒಬ್ಬನೇ, ಬರುತ್ತಿರುವವರು ಬದುಕಬೇಕೋ ಸಾಯಬೇಕೋ ಎಂದು ತೀರ್ಮಾನಿಸಬೇಕು. ನನಗೆ ಭಯವಿರುವುದು ಆ ತೀರ್ಮಾನದ ಬಗ್ಗೆ. ಏಕೆಂದರೆ ನನ್ನ ತಾಯಿಯ ಮನೆಯವರು ತಲೆತಲಾಂತರದಿಂದ ಮೀನುಗಾರರು. ಬರುತ್ತಿರುವ ಆ ದೋಣಿಯಲ್ಲಿ ನನ್ನ ಜನ ಇರಬಹುದು.

ಕೆಂಪು ಸಮುದ್ರದ ಬೆಳಗು

ನಾನು ಸರಕು ಹಡಗಿನಲ್ಲಿ ಮೂರನೇ ದರ್ಜೆಯ ಅಧಿಕಾರಿಯಾಗಿದ್ದ ಕಾಲ ಸೊಮಾಲಿ ಕಡಲ್ಗಳ್ಳರ ಕಾಲವೇ. ಸರಕು ಹಡಗುಗಳು ಆ ವರ್ಷಗಳಲ್ಲಿ ಹೇಗಿದ್ದವೆಂಬುದನ್ನು ಕರಾವಳಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕಳ್ಳರು ಹತ್ತದಂತೆ ಹಡಗಿನ ಸುತ್ತ ಎಳೆದ ಮುಳ್ಳುತಂತಿಯ ನಡುವೆ ಕಾವಲು ನಿಂತವರು ಪ್ರತಿ ಊರಲ್ಲೂ ಇದ್ದಾರೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ ನಾವಿಕರು ತಾವೇ ಬಂದೂಕು ಹಿಡಿಯಕೂಡದು ಎಂದು ಆಗಲೂ ಹೇಳುತ್ತಿತ್ತು, ಈಗಲೂ ಹೇಳುತ್ತದೆ. ಖಾಸಗಿ ಕಾವಲುಗಾರರನ್ನು ಹತ್ತಿಸಿಕೊಳ್ಳುವ ವಿಚಾರವನ್ನು ಮಾತ್ರ ಅದು ಆಯಾ ಧ್ವಜದ ದೇಶಕ್ಕೆ, ಎಂದರೆ ಹಡಗು ನೋಂದಣಿಯಾದ ದೇಶಕ್ಕೆ, ಬಿಟ್ಟಿತು. ಭಾರತ 2011ರಲ್ಲಿ ತನ್ನ ಹಡಗುಗಳಿಗೆ ಇದಕ್ಕೆ ಅನುಮತಿ ಕೊಟ್ಟಿತು. ನಮ್ಮ ಹಡಗಿಗೆ ನಾಲ್ವರು ಮಾಜಿ ಸೈನಿಕರು ಹತ್ತುತ್ತಿದ್ದರು, ತಮ್ಮ ಬಂದೂಕುಗಳ ಜೊತೆ, ಒಂದು ಕಟ್ಟು ಕಾಗದಪತ್ರಗಳ ಜೊತೆ.

ಒಂದು ಬೆಳಗು ಬಾಬ್ ಎಲ್ ಮಂದೆಬ್ ಜಲಸಂಧಿಗಿಂತ ಸ್ವಲ್ಪ ಉತ್ತರಕ್ಕೆ, ಕೆಂಪು ಸಮುದ್ರದಲ್ಲಿ ದಕ್ಷಿಣಾಭಿಮುಖವಾಗಿ ಹೋಗುತ್ತಿದ್ದೆವು. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ನನ್ನ ಪಾಳಿ. ನೀರಿನ ಮೇಲೆ ಹಲವು ಸಣ್ಣ ದೋಣಿಗಳಿದ್ದವು. ಫೈಬರ್ ದೋಣಿಗಳು ರೇಡಾರ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ, ಕಣ್ಣನ್ನೇ ನಂಬಬೇಕು. ಅವುಗಳಲ್ಲಿ ಒಂದು ದೋಣಿ ಗುಂಪನ್ನು ಬಿಟ್ಟು ನಮ್ಮತ್ತ ತಿರುಗಿತು. ನೇರವಾಗಿ, ಪೂರ್ಣ ವೇಗದಲ್ಲಿ. ನಾನು ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಕಾವಲಿನ ಮುಖ್ಯಸ್ಥ, ಗ್ರೀಸ್ ದೇಶದವನು, ಆಗಲೇ ಬ್ರಿಡ್ಜ್‌ನ ರೆಕ್ಕೆಗೆ ಬಂದಿದ್ದ. ಬೈನಾಕ್ಯುಲರ್‌ನಲ್ಲಿ ನೋಡಿದರೆ ದೋಣಿಯಲ್ಲಿ ಐದು ಜನ. ಒಬ್ಬನು ಮುಂದೆ ನಿಂತು ಎರಡೂ ತೋಳುಗಳನ್ನು ಬೀಸುತ್ತಿದ್ದಾನೆ. ಹಿಂದಿದ್ದ ಇನ್ನೊಬ್ಬನ ಹೆಗಲಲ್ಲಿ ಕಲಾಶ್ನಿಕೋವ್ ನೇತಾಡುತ್ತಿದೆ. ನನ್ನ ಬಾಯಿ ಒಣಗಿತು. ಬಂದೂಕು ಇದೆ ಎಂದು ನಾನು ಕೂಗಿದೆ. ಆ ಗ್ರೀಕ್ ಮನುಷ್ಯ ಬೈನಾಕ್ಯುಲರ್ ಇಳಿಸದೆ, "ಬಂದೂಕನ್ನು ನಾನೂ ನೋಡಿದೆ, ಏಣಿಯನ್ನು ಹುಡುಕು" ಎಂದ.

ಏಣಿ ಇರಲಿಲ್ಲ. ನಮ್ಮ ಹಡಗಿನ ಪಕ್ಕದ ಗೋಡೆ ನೀರಿನಿಂದ ಮೂರು ಮಹಡಿಯಷ್ಟು ಎತ್ತರ. ಹತ್ತಬೇಕೆಂದು ಬರುವವರು ಕೊಕ್ಕೆ ಹಾಕಿದ ಉದ್ದನೆಯ ಏಣಿಯನ್ನು ತಂದೇ ತರುತ್ತಾರೆ. ಆ ಎತ್ತರದಿಂದ ಕೆಳಗೆ ನೋಡಿದಾಗ ದೋಣಿಯ ತಳದವರೆಗೂ ಕಾಣುತ್ತಿತ್ತು. ಮಂಜುಗಡ್ಡೆಯ ಪೆಟ್ಟಿಗೆ, ಡೀಸೆಲ್ ಕ್ಯಾನುಗಳು, ಹಗ್ಗದ ಸುರುಳಿ, ಬಲೆ. ಕಾವಲುಗಾರ ತನ್ನ ರೈಫಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ತೋರಿಸಿದ, ಅಷ್ಟೇ. ಕ್ಯಾಪ್ಟನ್ ಹಡಗನ್ನು ಹತ್ತು ಡಿಗ್ರಿ ಬಲಕ್ಕೆ ತಿರುಗಿಸಿದರು. ಕೆಲವು ನಿಮಿಷಗಳಲ್ಲಿ ನಮ್ಮ ಎಡಕ್ಕೆ ಬಿಳಿ ಪ್ಲಾಸ್ಟಿಕ್ ಕ್ಯಾನುಗಳ ಸಾಲು ಕಂಡಿತು, ಬಲೆಯನ್ನು ತೇಲಿಸುವ ಬುರುಡೆಗಳು. ನಾವು ನೇರ ಹೋಗಿದ್ದರೆ ಅವರ ಬಲೆ ಚಿಂದಿಯಾಗುತ್ತಿತ್ತು. ಆ ಬಲೆ ಉಳಿಸಿಕೊಳ್ಳಲು ಐದು ಜನ ಬಂದೂಕಿನ ಮುಂದೆ ಬಂದು ನಿಂತಿದ್ದರು. ಯೆಮನ್ ಕಡೆಯ ಮೀನುಗಾರರು ಕಳ್ಳರ ಭಯಕ್ಕೆ ತಾವೂ ಬಂದೂಕು ಇಟ್ಟುಕೊಳ್ಳುತ್ತಾರೆ ಎಂದು ಆಮೇಲೆ ಆ ಕಾವಲುಗಾರ ನನಗೆ ವಿವರಿಸಿದ.

ಈ ದೃಶ್ಯವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಒಂದು ಹಾಯಿದೋಣಿಗೆ ಸಾಗಿಸಿ ನೋಡಿದ್ದೇನೆ. ಹಾಯಿದೋಣಿಯ ಅಂಚು ನೀರಿನಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಹೆಚ್ಚು. ಅಲ್ಲಿ ನಿಂತವನಿಗೆ ಎದುರಿನ ದೋಣಿಯ ತಳ ಕಾಣುವುದಿಲ್ಲ, ಬಲೆ ಕಾಣುವುದಿಲ್ಲ, ಕಾಣುವುದು ಐದು ತಲೆಗಳು ಮತ್ತು ಒಂದು ಬಂದೂಕು. ಏಣಿಯನ್ನು ಹುಡುಕಿ ಪ್ರಯೋಜನವಿಲ್ಲ, ಹಾಯಿದೋಣಿಯನ್ನು ಹತ್ತಲು ಏಣಿ ಬೇಡ. ನಮ್ಮ ಹಡಗಿನಲ್ಲಿ ನಾಲ್ವರು ತರಬೇತಾದವರಿದ್ದರು, ಕ್ಯಾಪ್ಟನ್ ಇದ್ದರು, ವೇಗವಿತ್ತು, ಬೆಂಕಿ ನಂದಿಸುವ ನೀರಿನ ಕೊಳವೆಗಳಿದ್ದವು, ಒಳಗೆ ಅಡಗಲು ಉಕ್ಕಿನ ಕೋಣೆ ಇತ್ತು. ಬಂದೂಕು ತೋರಿಸುವುದಕ್ಕೂ ಗುಂಡು ಹಾರಿಸುವುದಕ್ಕೂ ನಡುವೆ ಹಲವು ಮೆಟ್ಟಿಲುಗಳಿದ್ದವು, ಒಂದೊಂದಕ್ಕೂ ಆಮೇಲೆ ಲೆಕ್ಕ ಕೊಡಬೇಕಿತ್ತು. ಸಶಸ್ತ್ರ ಕಾವಲು ಇದ್ದ ಸರಕು ಹಡಗೊಂದನ್ನೂ ಆ ವರ್ಷಗಳಲ್ಲಿ ಸೊಮಾಲಿಗಳು ಅಪಹರಿಸಿ ಒಯ್ಯಲಿಲ್ಲ ಎಂಬ ಮಾತನ್ನು ಬಂದೂಕಿನ ಪರವಾದವರು ಹೇಳುತ್ತಾರೆ. ಸರಿ. ಆದರೆ ಆ ಯಶಸ್ಸಿನಲ್ಲಿ ಬಂದೂಕಿನ ಪಾಲೆಷ್ಟೋ ಎತ್ತರದ ಪಾಲೂ ಅಷ್ಟೇ. ಎತ್ತರ ನಮಗೆ ನೋಡಲು ಅವಕಾಶ ಕೊಟ್ಟಿತು, ಕಾಯಲು ಧೈರ್ಯ ಕೊಟ್ಟಿತು. ಗಂಡ ಹೆಂಡತಿ ಇಬ್ಬರೇ ಹೋಗುವ ಫೈಬರ್ ದೋಣಿಗೆ ಅದೇ ರೈಫಲನ್ನು ಕೊಟ್ಟರೆ ಆ ಎತ್ತರವನ್ನು ಕೊಟ್ಟಂತಾಗುವುದಿಲ್ಲ. ಅಲ್ಲದೆ ಕಲಾಶ್ನಿಕೋವ್ ಗುಂಡು ಫೈಬರ್ ಗೋಡೆಯನ್ನು ತೂರಿಕೊಂಡು ಒಳಗೆ ಮಲಗಿದವರವರೆಗೂ ಹೋಗುತ್ತದೆ. ಅಂಥ ದೋಣಿಯಲ್ಲಿ ಗುಂಡಿನ ಕಾಳಗಕ್ಕೆ ಇಳಿದವರಿಗೆ ಮರೆ ಎಂಬುದೇ ಇಲ್ಲ.

ಇದೇನೂ ಹೊಸ ಸಮಸ್ಯೆಯಲ್ಲ. ಭಾರತಕ್ಕೆ ಬರುವ ಹಡಗುಗಳು ಕಡಲ್ಗಳ್ಳರ ಕಾಟದಿಂದಾಗಿ ಬಿಲ್ಲುಗಾರರ ತಂಡವನ್ನು ಹತ್ತಿಸಿಕೊಂಡು ಬರುತ್ತಿದ್ದವೆಂದು ರೋಮ್‌ನ ಪ್ಲಿನಿ ಕ್ರಿಸ್ತಶಕ ಒಂದನೇ ಶತಮಾನದಲ್ಲೇ ಬರೆದಿದ್ದಾನೆ. ಕಳ್ಳರಿರುವ ಜಾಗವೆಂದು ಅವನು ಹೆಸರಿಸುವ ನಿತ್ರಿಯಾಸ್, ನೇತ್ರಾವತಿಯ ಆಸುಪಾಸು ಇರಬೇಕೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಹೊನ್ನಾವರದ ತಿಮ್ಮೋಜ ಪೋರ್ಚುಗೀಸರ ಬರಹಗಳಲ್ಲಿ ಮೊದಲು ಕಡಲ್ಗಳ್ಳ, 1510ರಲ್ಲಿ ಗೋವಾ ಗೆಲ್ಲಲು ನೆರವಾದ ಮೇಲೆ ಮಿತ್ರ. ಬಿಲ್ಲು ಹಿಡಿದವರ ಕಣ್ಣಿಗೆ ನಮ್ಮ ಕರಾವಳಿ ಹೇಗೆ ಕಂಡಿತು ಎಂಬುದು ಬರಹದಲ್ಲಿ ಉಳಿದಿದೆ. ಬಿಲ್ಲಿನ ಎದುರಿಗಿದ್ದವರು ಏನನ್ನೂ ಬರೆದಿಡಲಿಲ್ಲ.

ಮಾವ ಕೇಳಿದ್ದು

2010ರಲ್ಲಿ ಹಡಗು ಉದ್ಯಮ ಕಡಲ್ಗಳ್ಳತನದ ಅಪಾಯ ವಲಯದ ಗೆರೆಯನ್ನು ಪೂರ್ವಕ್ಕೆ 78 ಡಿಗ್ರಿ ರೇಖಾಂಶದವರೆಗೆ ಎಳೆಯಿತು. ಮಲ್ಪೆ, ಮಂಗಳೂರುಗಳು 75 ಡಿಗ್ರಿಗೂ ಪಶ್ಚಿಮಕ್ಕಿವೆ. ಎಂದರೆ ನಮ್ಮ ಪಶ್ಚಿಮ ಕರಾವಳಿಯ ಮೀನುಗಾರರು ಯಾರಿಗೂ ಏನೂ ಮಾಡದೆ ಅಪಾಯದ ವಲಯದೊಳಗಿನ ಅನುಮಾನಾಸ್ಪದ ದೋಣಿಗಳಾದರು. ಆ ಗೆರೆ 65 ಡಿಗ್ರಿಗೆ ಹಿಂದೆ ಸರಿದದ್ದು 2015ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆಗಬಾರದ್ದು ಆಗಿತ್ತು.

2012ರ ಫೆಬ್ರುವರಿ 15ರಂದು ಕೇರಳದ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ ಸೇಂಟ್ ಆಂಟನಿ ಎಂಬ ಮೀನುಗಾರಿಕೆ ದೋಣಿಯ ಮೇಲೆ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ತೈಲ ಹಡಗಿನಿಂದ ಗುಂಡು ಹಾರಿತು. ದೋಣಿಯಲ್ಲಿ ಹನ್ನೊಂದು ಜನರಿದ್ದರು, ಹೆಚ್ಚಿನವರು ಮಲಗಿದ್ದರು. ಚುಕ್ಕಾಣಿ ಹಿಡಿದವರೊಬ್ಬರು, ಮುಂಬದಿಯಲ್ಲಿದ್ದವರೊಬ್ಬರು ಸತ್ತರು. ಹಾರಿಸಿದವರು ಬಾಡಿಗೆ ಕಾವಲುಗಾರರಲ್ಲ, ಇಟಲಿಯ ನೌಕಾಪಡೆಯ ಸೈನಿಕರು. ತರಬೇತಿ, ಶಿಸ್ತು, ಎತ್ತರ ಎಲ್ಲವೂ ಇದ್ದವರು. ಕಡಲ್ಗಳ್ಳರೆಂದು ಭಾವಿಸಿದೆವು ಎಂದರು. ಎರಡು ದೇಶಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಇಟಲಿ ಭಾರತದ ನೌಕಾಯಾನದ ಸ್ವಾತಂತ್ರ್ಯವನ್ನು ಉಲ್ಲಂಘಿಸಿದೆ, ಪರಿಹಾರ ಕೊಡಬೇಕು, ಆದರೆ ಸೈನಿಕರನ್ನು ಭಾರತ ವಿಚಾರಣೆಗೆ ಒಳಪಡಿಸುವಂತಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ನೀಡಿದ ತೀರ್ಪು 2020ರಲ್ಲಿ ಹೊರಬಂತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 10 ಕೋಟಿ ರೂಪಾಯಿ ಪರಿಹಾರದೊಂದಿಗೆ ಪ್ರಕರಣ ಮುಗಿಸಿತು. ಸತ್ತವರ ಎರಡು ಕುಟುಂಬಗಳಿಗೆ ತಲಾ 4 ಕೋಟಿ, ದೋಣಿಯ ಮಾಲೀಕರಿಗೆ 2 ಕೋಟಿ.

ಗುಂಡು ಹಾರಿದ ಆ 2012ರಲ್ಲಿ ರಜೆಗೆ ಊರಿಗೆ ಬಂದಾಗ ನನ್ನ ಸೋದರಮಾವನನ್ನು ನೋಡಲು ಮಲ್ಪೆಗೆ ಹೋದೆ. ಅವರು ಆಗ ಆಳಸಮುದ್ರದ ಬೋಟಿನ ತಾಂಡೇಲರು, ಎಂದರೆ ಬೋಟು ನಡೆಸುವವರು. ಧಕ್ಕೆಯಲ್ಲಿ ಮಂಜುಗಡ್ಡೆ ತುಂಬಿಸುತ್ತಿದ್ದರು. ಸಾಮಾನ್ಯವಾಗಿ ನನ್ನ ಹಡಗಿನ ವಿಚಾರ ಕೇಳುವವರಲ್ಲ. ಅಂದು ಕೆಲಸ ಬಿಟ್ಟು ಬಂದು ಬಲೆಯ ರಾಶಿಯ ಮೇಲೆ ಕುಳಿತು, "ಹಡಗಿನ ಮೇಲಿನಿಂದ ನೋಡಿದರೆ ನಾವು ಹೇಗೆ ಕಾಣುತ್ತೇವೆ ಮಾರಾಯ?" ಎಂದು ಕೇಳಿದರು. ಮೊದಲು ಒಂದು ಚುಕ್ಕೆ, ಆಮೇಲೆ ಒಂದು ದೋಣಿ, ಹತ್ತಿರ ಬಂದರೆ ಜನ ಕಾಣುತ್ತಾರೆ ಮಾವ ಎಂದೆ. "ಬಲೆ ಬಿಟ್ಟಿರುವಾಗ ಹಡಗು ಅದರ ಮೇಲೇ ಬಂದರೆ ನಾವು ಹತ್ತಿರ ಹೋಗಿ ಕೈ ಬೀಸದೆ ಬೇರೆ ಉಪಾಯವಿಲ್ಲ. ವೈರ್‌ಲೆಸ್‌ನಲ್ಲಿ ಕರೆದರೆ ಅವರು ಉತ್ತರಿಸುವುದಿಲ್ಲ. ನಾವು ಹತ್ತಿರ ಹೋದಷ್ಟೂ ಅವರಿಗೆ ಹೆದರಿಕೆ. ಹೋಗದಿದ್ದರೆ ಲಕ್ಷಗಟ್ಟಲೆಯ ಬಲೆ ಹೋಯಿತು. ನಾವು ಮೀನಿನವರು ಎಂದು ಅವರಿಗೆ ಖಂಡಿತ ತಿಳಿಯುವ ಹಾಗೆ ಏನಾದರೂ ಗುರುತು ಇದೆಯೇ? ಬಾವುಟ, ದೀಪ, ಏನಾದರೂ? ನೀನು ಕಲಿತವನು, ಹೇಳು" ಎಂದರು. ನಿಯಮದ ಪ್ರಕಾರ ಮೀನುಗಾರಿಕೆಯ ದೀಪಗಳಿವೆ, ಹಗಲಿಗೆ ತೂಗಿಸುವ ಕಪ್ಪು ಶಂಕುಗಳಿವೆ. ಅವನ್ನು ವಿವರಿಸಿದೆ. ಅವರು ಕೇಳಿ, "ಕಳ್ಳನೂ ಅದನ್ನು ತೂಗಿಸಬಹುದಲ್ಲ" ಎಂದರು. ಹೌದು, ತೂಗಿಸಬಹುದು. ಸೊಮಾಲಿಗಳು ಮೀನುಗಾರರ ದೋಣಿಗಳನ್ನೇ ಹಿಡಿದು, ದೂರದ ಕಡಲಿನಲ್ಲಿ ತಮ್ಮ ಸ್ಕಿಫ್‌ಗಳಿಗೆ ನೆಲೆಯಾಗುವ ತಾಯಿ ಹಡಗಾಗಿ ಬಳಸುತ್ತಿದ್ದರು. 2008ರ ನವೆಂಬರ್‌ನಲ್ಲಿ ನಮ್ಮ ನೌಕಾಪಡೆಯ ಐಎನ್‌ಎಸ್ ತಬರ್ ಏಡನ್ ಕೊಲ್ಲಿಯಲ್ಲಿ ಮುಳುಗಿಸಿದ ಕಡಲ್ಗಳ್ಳರ ಹಡಗು ಥಾಯ್ಲೆಂಡಿನ ಒಂದು ಟ್ರಾಲರ್ ಆಗಿತ್ತು, ಒತ್ತೆಯಾಳಾಗಿದ್ದ ಅದರ ಕೆಲಸಗಾರರು ಒಳಗೇ ಇದ್ದರು, ಬಹುತೇಕ ಎಲ್ಲರೂ ಸತ್ತರು. ಯುದ್ಧನೌಕೆಯಿಂದಲೂ ಕಾಣದ್ದು ಅದು.

ಮಾವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಉತ್ತರವಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಇಸ್ರೊ ಉಪಗ್ರಹದ ಮೂಲಕ ದೋಣಿ ಎಲ್ಲಿದೆ ಎಂದು ತಿಳಿಸುವ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆ ಆರಂಭಿಸಿತು. ಬಹಳ ಒಳ್ಳೆಯದು, ಕೆಟ್ಟುನಿಂತವರನ್ನು ಹುಡುಕಲು ಅದು ಬೇಕೇ ಬೇಕು. ಆದರೆ ಆ ಮಾಹಿತಿ ತಲುಪುವುದು ದಡದ ಕೇಂದ್ರಕ್ಕೆ. ಹಾಯಿದೋಣಿಯಲ್ಲಿ ಬಂದೂಕು ಹಿಡಿದು ಹೆದರಿ ನಿಂತವನಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಫ್ಲಾರಿಡಾದ ಗೆಳೆಯ

ನನ್ನ ಹಳೆಯ ಸಹಪಾಠಿಯೊಬ್ಬ ಫ್ಲಾರಿಡಾದಲ್ಲಿದ್ದಾನೆ. ಅಮೆರಿಕದ ಪೌರ. ಎಂಜಿನಿಯರ್ ಕೆಲಸದಿಂದ ಬೇಗ ನಿವೃತ್ತನಾಗಿ, ಹೆಂಡತಿಯ ಜೊತೆ ಸ್ವಂತ ಹಾಯಿದೋಣಿಯಲ್ಲಿ ಬಹಾಮಾಸ್‌ವರೆಗೆ ಹೋಗಿ ಬರುವ ಅಭ್ಯಾಸ. ಈಗ ದ್ವೀಪದಿಂದ ದ್ವೀಪಕ್ಕೆ ಇಳಿಯುತ್ತ ಗ್ರೆನಡಾ ದಾಟಿ ಟ್ರಿನಿಡಾಡ್‌ವರೆಗೂ ಹೋಗಬೇಕೆಂದಿದ್ದಾರೆ. ಕೆಲವು ತಿಂಗಳ ಹಿಂದೆ ಫೋನ್ ಮಾಡಿ, "ನೀನು ಏಡನ್ ಕೊಲ್ಲಿ ದಾಟಿದವನು. ಒಂದು ರೈಫಲ್ ಕೊಳ್ಳಲೋ ಶಾಟ್‌ಗನ್ ಕೊಳ್ಳಲೋ?" ಎಂದ. ಕೊಳ್ಳಬೇಕೋ ಬೇಡವೋ ಎಂದು ಅವನು ಕೇಳಲಿಲ್ಲ. ಅವನಿರುವ ಬಂದರಿನಲ್ಲಿ ದೋಣಿಗೊಂದು ಬಂದೂಕು ಇರುವುದು ಮಾಮೂಲು, ಅವನ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ.

ಅವನಿಗೆ ಹೆದರಲು ಕಾರಣವಿಲ್ಲ ಎಂದು ನಾನು ಹೇಳಲಿಲ್ಲ. ಗ್ರೆನಡಾದಿಂದ ಟ್ರಿನಿಡಾಡ್‌ಗೆ ಸುಮಾರು 80 ನಾಟಿಕಲ್ ಮೈಲಿ, ಸಾಮಾನ್ಯವಾಗಿ ರಾತ್ರಿಯ ಪಯಣ. 2015ರ ಡಿಸೆಂಬರ್‌ನಲ್ಲಿ ಆ ಹಾದಿಯಲ್ಲಿ, ಹಿಬಿಸ್ಕಸ್ ಎಂಬ ಅನಿಲ ಬಾವಿಯ ವೇದಿಕೆಯ ಹತ್ತಿರ, ವೆನೆಜುವೆಲಾ ಕಡೆಯಿಂದ ಬಂದ ಬಂದೂಕುಧಾರಿಗಳು ಹಾಯಿದೋಣಿಗಳನ್ನು ದೋಚಿದ್ದರು. ವೆನೆಜುವೆಲಾದ ಬದುಕು ಕುಸಿದು ಬಿದ್ದಾಗ ಅಲ್ಲಿನ ಕೆಲವು ಮೀನುಗಾರರೇ ಆ ದಾರಿ ಹಿಡಿದರು. ಅದೇ ನೀರಿನಲ್ಲಿ ಉಳಿದ ನೂರಾರು ಮೀನುಗಾರರು ಅದೇ ತರಹದ ದೋಣಿಗಳಲ್ಲಿ ಪ್ರತಿ ರಾತ್ರಿ ಬಲೆ ಬಿಡುತ್ತಾರೆ. ಕತ್ತಲಲ್ಲಿ ಎಂಜಿನ್ ಸದ್ದು ಕೇಳಿದಾಗ ನೀನು ಯಾರೆಂದು ಹೇಗೆ ತಿಳಿಯುತ್ತೀ ಎಂದು ಕೇಳಿದೆ. ಅವನು ಬೆಳಕು ಬಿಟ್ಟು ನೋಡುತ್ತೇನೆ ಎಂದ. ಬೆಳಕು ಬಿಟ್ಟರೆ ನಿನ್ನ ಜಾಗ ಅವರಿಗೆ ತಿಳಿಯುತ್ತದೆ, ಅವರ ಮುಖ ನಿನಗೆ ತಿಳಿಯುತ್ತದೆ, ಅವರ ಮನಸ್ಸು ತಿಳಿಯುವುದಿಲ್ಲ ಎಂದೆ.

ಕಾನೂನಿನ ವಿಚಾರವನ್ನೂ ಕೂತು ಮಾತನಾಡಿದೆವು. ಬಹಾಮಾಸ್‌ನಲ್ಲಿ ಬಂದೂಕನ್ನು ಘೋಷಿಸಿ, ಗುಂಡುಗಳನ್ನು ಒಂದೊಂದಾಗಿ ಎಣಿಸಿ ಬರೆಸಿ, ದೋಣಿಯಲ್ಲೇ ಬೀಗ ಹಾಕಿ ಇಡಬಹುದು, ದಡಕ್ಕೆ ತರುವಂತಿಲ್ಲ. ಅದು ಉದಾರ ನಿಯಮ. ಇನ್ನೂ ಕೆಳಗಿಳಿದರೆ ಹಲವು ದ್ವೀಪಗಳಲ್ಲಿ ಬಂದೂಕನ್ನು ಪೊಲೀಸರಿಗೋ ಕಸ್ಟಮ್ಸ್‌ಗೋ ಒಪ್ಪಿಸಬೇಕು, ಹೊರಡುವಾಗ ಅಲ್ಲಿಗೇ ಬಂದು ಪಡೆಯಬೇಕು. ಮೆಕ್ಸಿಕೊದಂಥ ದೇಶಕ್ಕೆ ಅನುಮತಿಯಿಲ್ಲದೆ ಒಯ್ದರೆ ಜೈಲು. ಮುಚ್ಚಿಟ್ಟು ಒಯ್ಯುವವರಿದ್ದಾರೆ. ಅವರಿಗೆ ನಾನು ತೂತುಕುಡಿಯ ಕಥೆ ಹೇಳುತ್ತೇನೆ. 2013ರ ಅಕ್ಟೋಬರ್‌ನಲ್ಲಿ ಸೀಮನ್ ಗಾರ್ಡ್ ಓಹಿಯೊ ಎಂಬ ಕಾವಲು ಹಡಗನ್ನು ಭಾರತದ ಅಧಿಕಾರಿಗಳು ಅಲ್ಲಿಗೆ ಕರೆತಂದು, ಬಂದೂಕುಗಳಿಗೆ ಸರಿಯಾದ ಅನುಮತಿ ಇಲ್ಲವೆಂದು 35 ಮಂದಿಯನ್ನು ಬಂಧಿಸಿದರು. ಬ್ರಿಟಿಷರು, ಎಸ್ಟೋನಿಯಾದವರು, ಉಕ್ರೇನಿಯನ್ನರು, ಭಾರತೀಯರು. 2016ರ ಜನವರಿಯಲ್ಲಿ ಐದು ವರ್ಷದ ಶಿಕ್ಷೆಯಾಯಿತು, 2017ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಬಿಡುಗಡೆ ಮಾಡಿತು. ಕಡಲ್ಗಳ್ಳರನ್ನು ತಡೆಯಲೆಂದೇ ಕೆಲಸಕ್ಕೆ ಸೇರಿದ್ದವರು ಅವರು. ವಕೀಲರನ್ನು ಹಿಡಿದ ಕಂಪನಿಯೊಂದರ ಜನರ ಪಾಡೇ ಹೀಗಾದರೆ ಪರದೇಶದ ಬಂದರಿನಲ್ಲಿ ಗಂಡ ಹೆಂಡತಿಯ ಪಾಡೇನು?

ಈ ನಿಯಮಗಳನ್ನು ನಕ್ಷೆಯ ಮೇಲಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಾಯಿದೋಣಿಗಳ ಮೇಲಿನ ಕಳ್ಳತನ, ದರೋಡೆ ಹೆಚ್ಚಾಗಿ ನಡೆಯುವುದು ಲಂಗರಿನಲ್ಲಿ, ದಡದ ಹತ್ತಿರ. ಅಲ್ಲಿ ಹಲವು ದ್ವೀಪಗಳಲ್ಲಿ ಬಂದೂಕು ಪೊಲೀಸರ ಬೀರುವಿನಲ್ಲಿರುತ್ತದೆ. ಬಂದೂಕು ಕೈಯಲ್ಲಿರುವುದು ನಡುಗಡಲಿನಲ್ಲಿ, ಬರುತ್ತಿರುವ ದೋಣಿ ಯಾರದೆಂದು ತಿಳಿಯದ ಜಾಗದಲ್ಲಿ. ಅಗತ್ಯವಿದ್ದಾಗ ಇಲ್ಲದ, ಇದ್ದಾಗ ಯಾರತ್ತ ಗುರಿಯಿಡಬೇಕೆಂದು ಗೊತ್ತಾಗದ ವಸ್ತುವಿಗೆ ಇಷ್ಟೊಂದು ನಂಬಿಕೆ ಏಕೆ ಎಂದು ಗೆಳೆಯನನ್ನು ಕೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ನಿಜವಾದ ಅಪಾಯದ ಕಡಲಿಗೆ ಹೋಗದೇ ಇರುವುದೇ ಉಪಾಯ ಎಂದು ನಾನು ನಂಬುತ್ತೇನೆ. 2011ರ ಫೆಬ್ರುವರಿಯಲ್ಲಿ ಮುಂಬೈಯಿಂದ ಸಲಾಲಾಕ್ಕೆ ಹೊರಟಿದ್ದ ಅಮೆರಿಕದ ಕ್ವೆಸ್ಟ್ ಎಂಬ ಹಾಯಿದೋಣಿಯನ್ನು ಸೊಮಾಲಿಗಳು ಹಿಡಿದರು. ಅಮೆರಿಕದ ಯುದ್ಧನೌಕೆಗಳು ಸುತ್ತುವರಿದಿರುವಾಗಲೇ ಒಳಗಿದ್ದ ನಾಲ್ವರನ್ನೂ ಕೊಂದರು. ಅದಾದ ಮೇಲೆ ಎಷ್ಟೋ ಹಾಯಿದೋಣಿಗಳು ಮಾಲ್ಡೀವ್ಸ್‌ನಿಂದ ಟರ್ಕಿಗೆ ಸರಕು ಹಡಗಿನ ಮೇಲೇರಿ ಹೋದವು. ಸಮುದ್ರಯಾನದ ಹೆಮ್ಮೆಗೆ ಅದು ಕುಂದೆಂದು ಕೆಲವರು ಅಂದುಕೊಂಡಿರಬಹುದು. ನನಗಂತೂ ಅದು ವಿವೇಕ.

ಮರುದಿನ ಗೆಳೆಯನ ಹೆಂಡತಿ ಫೋನ್ ಮಾಡಿದರು. ಶಿವಮೊಗ್ಗದ ಕಡೆಯವರು, ಮಾತು ನೇರ. "ಅಣ್ಣಾ, ನೀವು ಹೇಳಿದ್ದೆಲ್ಲ ದೂರದಿಂದ ಬರುವ ದೋಣಿಯ ಮಾತು. ರಾತ್ರಿ ಎರಡು ಗಂಟೆಗೆ ನನ್ನ ತಲೆಯ ಮೇಲೆ ಡೆಕ್‌ನಲ್ಲಿ ಹೆಜ್ಜೆ ಸದ್ದು ಕೇಳಿದರೆ ಅಲ್ಲಿ ಯಾವ ಅನುಮಾನವೂ ಇರುವುದಿಲ್ಲವಲ್ಲ. ಅವನು ನಿಮ್ಮ ಮಾವ ಅಲ್ಲ. ಆಗ ನಾನೇನು ಮಾಡಲಿ?" ಇದು ನನ್ನ ವಾದಕ್ಕೆ ಸಿಕ್ಕುವ ಪ್ರಶ್ನೆಯಲ್ಲ, ಸಿಕ್ಕುತ್ತದೆಂದು ನಟಿಸುವುದು ಅವರಿಗೆ ಮಾಡುವ ಅನ್ಯಾಯ. ಆ ಗಳಿಗೆಯಲ್ಲಿ ಕೈಯಲ್ಲಿ ಬಂದೂಕು ಇರಬೇಕಿತ್ತು ಎಂದು ಬಯಸುವ ಹೆಂಗಸಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಬ್ಲೇಕ್ ಎದುರಿಸಿದ್ದೂ ಅದೇ ಗಳಿಗೆಯನ್ನು, ಸುತ್ತ ಸಹನಾವಿಕರಿದ್ದರೂ ಏನಾಯಿತೆಂಬುದನ್ನು ಹೇಳಿದೆ. ಹತ್ತಿದವನಿಗೆ ಬೇಕಾದದ್ದು ಹೆಚ್ಚಾಗಿ ಎಂಜಿನ್, ಹಣ, ಮೊಬೈಲ್. ಅವನನ್ನು ಕೊಲ್ಲಬೇಕೋ ಒಳಗೆ ಬಿಡಬಾರದೋ, ನಿಮಗೆ ಮುಖ್ಯವಾದದ್ದು ಯಾವುದು ಎಂದು ಕೇಳಿದೆ. "ಒಳಗೆ ಬರಬಾರದು, ಅಷ್ಟೇ ಸಾಕು" ಎಂದರು.

ಹಾಗಾದರೆ ಮಾಡಬೇಕಾದ ಕೆಲಸಗಳು ಬೇರೆ. ಮಲಗುವ ಕೋಣೆಗೆ ಇಳಿಯುವ ಬಾಗಿಲಿಗೂ ಮೇಲಿನ ಕಿಂಡಿಗಳಿಗೂ ಒಳಗಿನಿಂದ ಬೀಗ ಹಾಕುವ ಉಕ್ಕಿನ ಸರಳುಗಳು, ಗಾಳಿಯೂ ಬರಬೇಕು ಮನುಷ್ಯ ಬರಬಾರದು. ಹಾಸಿಗೆಯ ಪಕ್ಕದಲ್ಲೇ ಡೆಕ್ ದೀಪದ ಮತ್ತು ಹಾರ್ನ್‌ನ ಸ್ವಿಚ್, ಅಪಾಯದ ಕರೆಗಳಿಗೆ ಮೀಸಲಾದ 16ನೇ ಚಾನೆಲ್‌ಗೆ ಇಟ್ಟ ರೇಡಿಯೊ. ರಾತ್ರಿ ಸಣ್ಣ ದೋಣಿಯನ್ನೂ ಎಂಜಿನ್ನನ್ನೂ ನೀರಿನಿಂದ ಮೇಲೆತ್ತಿ ಬೀಗ ಹಾಕುವುದು, ಒಂಟಿಯಾಗಿ ಲಂಗರು ಹಾಕದಿರುವುದು. ಟ್ರಿನಿಡಾಡ್‌ಗೆ ಹೊರಡುವ ಮೊದಲು ಅಲ್ಲಿನ ಕರಾವಳಿ ಕಾವಲು ಪಡೆಗೆ ಪಯಣದ ವಿವರ ಕಳಿಸುವುದು, ಹಿಬಿಸ್ಕಸ್ ವೇದಿಕೆಯಿಂದ ಪೂರ್ವಕ್ಕೆ ದೂರ ಸರಿದು ಹೋಗುವುದು, ಇನ್ನೊಂದೆರಡು ದೋಣಿಗಳ ಜೊತೆಯಲ್ಲಿ ಹೋಗುವುದು. ಇವುಗಳಲ್ಲಿ ಯಾವುದೂ ಗುಂಡಿನಂತೆ ಎದುರಿನವನನ್ನು ತಡೆದು ನಿಲ್ಲಿಸದು ಎಂದು ಗೆಳೆಯ ಹಿಂದಿನಿಂದ ಹೇಳಿದ. ನಿಲ್ಲಿಸದು ನಿಜ. ಆದರೆ ಇವುಗಳಲ್ಲಿ ಯಾವುದೂ ತಪ್ಪು ಮನುಷ್ಯನನ್ನು ಕೊಲ್ಲುವುದಿಲ್ಲ.

ಸರಳುಗಳು ಸಿದ್ಧವಾಗಿವೆ ಎಂದು ಆಕೆ ಕಳೆದ ವಾರ ಚಿತ್ರ ಕಳಿಸಿದ್ದರು. ಬಂದೂಕಿನ ವಿಚಾರದಲ್ಲಿ ಗಂಡ ಹೆಂಡತಿ ಇನ್ನೂ ಒಂದು ಮಾತಿಗೆ ಬಂದಿಲ್ಲ. ಬಹಾಮಾಸ್ ದಾಟುವವರೆಗಾದರೂ ಇರಲಿ ಎನ್ನುತ್ತಾನೆ ಅವನು, ಕೊಳ್ಳುವುದೇ ಬೇಡ ಎನ್ನುತ್ತಾರೆ ಆಕೆ. ಅವರ ವಿಮೆಯ ಕರಾರಿನಂತೆ ಜೂನ್ 1ಕ್ಕೆ ಚಂಡಮಾರುತದ ಕಾಲ ಆರಂಭವಾಗುವ ಮೊದಲು ದೋಣಿ ದಕ್ಷಿಣಕ್ಕೆ ಇಳಿದಿರಬೇಕು. ಗ್ರೆನಡಾದಿಂದ ಮುಂದಕ್ಕೆ ಜೊತೆಯಾಗಿ ಹೋಗುವ ದೋಣಿಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ ಎಂದು ಇಬ್ಬರಿಗೂ ಬರೆದಿದ್ದೇನೆ.